ರಾಫಲ್ಸ್ ಪಕ್ಕದಲ್ಲಿ ಯಾರು ನಿಲ್ಲಬೇಕು?

2019ರ ಹೊಸ ವರ್ಷದ ಹೊತ್ತಿಗೆ ಸಿಂಗಪುರ ನದಿಯ ದಡದಲ್ಲಿರುವ, 1819ರಲ್ಲಿ ಇಲ್ಲಿ ಬ್ರಿಟಿಷ್ ನೆಲೆ ಸ್ಥಾಪಿಸಿದ ಸರ್ ಸ್ಟ್ಯಾಂಫರ್ಡ್ ರಾಫಲ್ಸ್‌ನ ಪ್ರತಿಮೆ ಮಾಯವಾಯಿತು. ಯಾರೂ ಅದನ್ನು ಒಡೆಯಲಿಲ್ಲ, ಕಿತ್ತೊಯ್ಯಲಿಲ್ಲ. ಹಿಂದಿನ ಗಗನಚುಂಬಿ ಕಟ್ಟಡದಲ್ಲಿ ಬೆರೆತುಹೋಗುವಂತೆ ಕಲಾವಿದನೊಬ್ಬ ಅದಕ್ಕೆ ಬಣ್ಣ ಬಳಿದಿದ್ದ. ಕೆಲವು ದಿನಗಳಲ್ಲಿ ರಾಫಲ್ಸ್ ಮತ್ತೆ ಬೆಳ್ಳಗೆ ಕಾಣಿಸಿಕೊಂಡಾಗ ಅವನು ಒಂಟಿಯಾಗಿರಲಿಲ್ಲ. ಮಲಯ ಪುರಾಣದ ರಾಜಕುಮಾರ ಸಾಂಗ್ ನೀಲ ಉತಾಮ, ಬಡವರಿಗೆ ಆಸ್ಪತ್ರೆ ಕಟ್ಟಿಸಿದ ವ್ಯಾಪಾರಿ ತಾನ್ ತೊಕ್ ಸೆಂಗ್, ರಾಫಲ್ಸ್‌ಗೆ ಲಿಪಿಕಾರನಾಗಿದ್ದ ಮುನ್ಷಿ ಅಬ್ದುಲ್ಲಾ, ಇಟ್ಟಿಗೆ ಗೂಡು ಹಾಕಿ ಊರು ಕಟ್ಟಲು ನೆರವಾದ ತಮಿಳು ಗುತ್ತಿಗೆದಾರ ನಾರಾಯಣ ಪಿಳ್ಳೈ, ಹೀಗೆ ನಾಲ್ವರು ಜೊತೆಗಿದ್ದರು.

ಬ್ರಿಟಿಷರು ಇಲ್ಲಿ ಕಾಲಿಟ್ಟ ಇನ್ನೂರನೇ ವರ್ಷವನ್ನು ಈ ದೇಶ ಆರಂಭಿಸಿದ್ದು ಹೀಗೆ. ಇಲ್ಲಿ ನೆಲೆಸಿರುವ ಕನ್ನಡಿಗನಾಗಿ ಆ ಕ್ರಮಕ್ಕೆ ನನ್ನ ಗೌರವವಿದೆ, ಪೂರ್ತಿ ಒಪ್ಪಿಗೆಯಿಲ್ಲ.

ಇದೇ ನಾಡು ಹಿಂದೆ ನಡೆದುಕೊಂಡ ರೀತಿ ಬೇರೆ. 1919ರ ಶತಮಾನೋತ್ಸವದಲ್ಲಿ ವಸಾಹತು ಸರ್ಕಾರ ರಾಫಲ್ಸ್‌ನ ಕಂಚಿನ ಪ್ರತಿಮೆಯನ್ನು (ನದಿಯ ದಡದ ಬಿಳಿಯದು ಬೇರೆ) ಪಡಾಂಗ್ ಮೈದಾನದಿಂದ ಎಂಪ್ರೆಸ್ ಪ್ಲೇಸ್‌ಗೆ ತಂದು ಮೆರೆಸಿತು. 1969ರಲ್ಲಿ ಸಿಂಗಪುರ ಸ್ವತಂತ್ರವಾಗಿ ನಾಲ್ಕು ವರ್ಷವಾಗಿತ್ತು. ಆಗಲೂ ನೂರೈವತ್ತನೇ ವರ್ಷವನ್ನು ಸಂಭ್ರಮದಿಂದಲೇ ಆಚರಿಸಿ 150 ಡಾಲರ್‌ನ ಚಿನ್ನದ ನಾಣ್ಯ ಹೊರಡಿಸಲಾಯಿತು. ಹೊಸ ರಾಷ್ಟ್ರಕ್ಕೆ ವಿದೇಶಿ ಬಂಡವಾಳ ಬೇಕಿತ್ತು. ಡಚ್ ಅರ್ಥಶಾಸ್ತ್ರಜ್ಞ ಆಲ್ಬರ್ಟ್ ವಿನ್ಸೆಮಿಯಸ್ 1961ರಲ್ಲಿ ಕೊಟ್ಟ ಸಲಹೆಗಳಲ್ಲಿ ರಾಫಲ್ಸ್ ಪ್ರತಿಮೆಯನ್ನು ತೆಗೆಯಬೇಡಿ ಎಂಬುದೂ ಒಂದು. ಅದು ಅಲ್ಲೇ ಇದ್ದರೆ ಹೂಡಿಕೆದಾರರಿಗೆ ಧೈರ್ಯ ಬರುತ್ತದೆ ಎಂಬುದು ಅವರ ಲೆಕ್ಕ. ಇತಿಹಾಸದ ಮೇಲೆ ಅಕ್ಕರೆಗಿಂತ ಹೊಟ್ಟೆಪಾಡಿನ ಯೋಚನೆ ಮುಂದಿತ್ತು. ಅದನ್ನು ನಾನು ತಪ್ಪೆನ್ನಲಾರೆ.

2019ರ ಹೊತ್ತಿಗೆ ದೇಶ ಸಿರಿವಂತವಾಗಿತ್ತು, ಯಾರ ಮೆಚ್ಚುಗೆಯ ಹಂಗೂ ಬೇಕಿರಲಿಲ್ಲ. ಕ್ಯಾನಿಂಗ್ ಕೋಟೆಯ ಬೆಟ್ಟದ ಮೇಲೆ ಏರ್ಪಡಿಸಿದ ಪ್ರದರ್ಶನ ಕಥೆಯನ್ನು 1819ರಿಂದ ಶುರುಮಾಡದೆ ಏಳುನೂರು ವರ್ಷ ಹಿಂದಿನಿಂದ ಹೇಳಿತು. ಆ ವರ್ಷದ 20 ಡಾಲರ್ ಸ್ಮಾರಕ ನೋಟಿನಲ್ಲಿ ರಾಫಲ್ಸ್‌ನ ಮುಖವಿರಲಿಲ್ಲ. ಬದಲಿಗೆ ಶಿಕ್ಷಕಿ, ಸೈನಿಕ, ಸಮಾಜಸೇವಕಿ, ಸಸ್ಯವಿಜ್ಞಾನಿ ಸೇರಿ ಎಂಟು ಮಂದಿಯ ಚಿತ್ರಗಳಿದ್ದವು. ನನಗೆ ತುಂಬ ಹಿಡಿಸಿದ್ದು ಈ ನೋಟು.

ಆಸ್ಟ್ರೇಲಿಯಾದ ಚರಿತ್ರೆ ಓದಿದವರಿಗೆ ಈ ಸಂಯಮದ ಬೆಲೆ ಗೊತ್ತಾಗುತ್ತದೆ. 1788ರ ಬ್ರಿಟಿಷ್ ನೌಕಾಪಡೆಯ ಆಗಮನಕ್ಕೆ 1938ರಲ್ಲಿ ನೂರೈವತ್ತು ತುಂಬಿದಾಗ, ಸಿಡ್ನಿಯ ನಾಟಕೀಯ ಮರುಸೃಷ್ಟಿಯಲ್ಲಿ ಪಾತ್ರ ಮಾಡಿಸಲು ದೂರದ ಮೆನಿಂಡಿಯಿಂದ ಮೂಲನಿವಾಸಿಗಳನ್ನು ಕರೆತರಲಾಯಿತು. ಅದೇ ದಿನ ಅದೇ ನಗರದಲ್ಲಿ ಜ್ಯಾಕ್ ಪ್ಯಾಟನ್, ವಿಲಿಯಂ ಫರ್ಗುಸನ್ ಮೊದಲಾದ ಮೂಲನಿವಾಸಿ ನಾಯಕರು ಶೋಕದಿನ ಆಚರಿಸಿದರು. 1988ರ ದ್ವಿಶತಮಾನೋತ್ಸವದಲ್ಲಿ ಬಂದರಿನ ತುಂಬ ಹಾಯಿಹಡಗುಗಳು, ಬೀದಿಯಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಜನರ ಪ್ರತಿಭಟನೆ. ಅದೇ ವರ್ಷ ಪ್ರಧಾನಿ ಬಾಬ್ ಹಾಕ್ ಮೂಲನಿವಾಸಿಗಳೊಂದಿಗೆ ಒಪ್ಪಂದ ಮಾಡಿಕೊಳ್ಳುವುದಾಗಿ ಬರುಂಗಾದಲ್ಲಿ ಕೊಟ್ಟ ಮಾತು ಮಾತಾಗಿಯೇ ಉಳಿಯಿತು. ಒಂದೇ ದಿನ ಒಬ್ಬರಿಗೆ ಹಬ್ಬ, ಇನ್ನೊಬ್ಬರಿಗೆ ಸೂತಕ. ಸಿಂಗಪುರಕ್ಕೆ ಆ ಗಾಯವಿಲ್ಲದಿರಲು ಒಂದು ಕಾರಣ, ಇಲ್ಲಿನ ಬಹುಪಾಲು ಜನರ ಹಿರಿಯರು 1819ರ ನಂತರ ಹಡಗಿನಲ್ಲಿ ಬಂದಿಳಿದವರು. ಆದರೆ ಇಲ್ಲಿನ ಮಲಯ ಜನರಿಗೆ ಆ ಮಾತು ಹಾಗೇ ಅನ್ವಯಿಸುವುದಿಲ್ಲ.

ಹಾಗಿದ್ದರೆ ನನ್ನ ತಕರಾರು ಏನು? ಆ ನಾಲ್ವರೂ ರಾಫಲ್ಸ್ ಜೊತೆ ಒಟ್ಟಿಗೆ ನಿಂತದ್ದು ಕೆಲವೇ ದಿನ. ಆಮೇಲೆ 2024ರಲ್ಲಿ ಕ್ಯಾನಿಂಗ್ ಕೋಟೆಯ ಉದ್ಯಾನದಲ್ಲಿ ರಾಫಲ್ಸ್‌ನದೇ ಮತ್ತೊಂದು ಪ್ರತಿಮೆ ಬಂದಿತು, ಈ ಬಾರಿ ಸಸ್ಯವಿಜ್ಞಾನಿ ನಥಾನಿಯಲ್ ವಾಲಿಕ್ ಜೊತೆಗೆ. ಅದರ ಬಗ್ಗೆ ಸಾರ್ವಜನಿಕವಾಗಿ ಬಿಸಿ ಚರ್ಚೆ ನಡೆದದ್ದು ಸರಿಯಾಗಿಯೇ ಇತ್ತು. ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಕೈದಿಗಳ ವಿಷಯ.

1825ರ ಏಪ್ರಿಲ್‌ನಲ್ಲಿ ಸುಮಾತ್ರಾದ ಬೆಂಕೂಲನ್‌ನಿಂದ ಭಾರತೀಯ ಕೈದಿಗಳ ಮೊದಲ ತಂಡ ಇಲ್ಲಿಗೆ ಬಂದಿತು. 1873ರವರೆಗೂ ಸಿಂಗಪುರ ಅವರ ಗಡೀಪಾರಿನ ನೆಲ. ರಸ್ತೆಗಳನ್ನು ಹಾಕಿದ್ದು ಅವರು. ಇಂದು ರಾಷ್ಟ್ರಪತಿಗಳ ಅಧಿಕೃತ ನಿವಾಸವಾದ ಇಸ್ತಾನ ಅರಮನೆಯನ್ನೂ ಸಂತ ಆಂಡ್ರೂಸ್ ಕೆಥೆಡ್ರಲನ್ನೂ ಕಟ್ಟಿದ್ದು ಅವರೇ. ಆ ಕೆಥೆಡ್ರಲ್‌ನ ಒಳಗೋಡೆಗೆ ಹಚ್ಚಿದ್ದು ಮದ್ರಾಸ್ ಗಾರೆ: ಚಿಪ್ಪಿನ ಸುಣ್ಣ, ಮೊಟ್ಟೆಯ ಬಿಳಿ ಲೋಳೆ, ಒರಟು ಸಕ್ಕರೆ, ತೆಂಗಿನ ಸಿಪ್ಪೆ ನೆನೆಸಿದ ನೀರು. ಒಣಗಿದ ಮೇಲೆ ಉಜ್ಜಿ ಉಜ್ಜಿ ಹೊಳಪು ಬರಿಸಬೇಕು. ನಮ್ಮ ಕಡೆಯ ಹಳೆಯ ಮನೆಗಳ ಗಾರೆ ನೆಲ ಕಂಡವರಿಗೆ ಆ ದುಡಿಮೆ ಎಂಥದೆಂದು ವಿವರಿಸಬೇಕಿಲ್ಲ. ಕೈದಿಗಳು ಬಂಗಾಳ, ಮದ್ರಾಸ್, ಮುಂಬಯಿ ಪ್ರಾಂತ್ಯಗಳಿಂದ ಬಂದವರು. ಆ ಕಾಲಕ್ಕೆ ಬಳ್ಳಾರಿ, ಮಂಗಳೂರು ಮದ್ರಾಸಿಗೆ ಸೇರಿದ್ದವು, ಧಾರವಾಡ ಮುಂಬಯಿಗೆ. ಅವರಲ್ಲಿ ಕನ್ನಡ ಬಲ್ಲವರೂ ಇದ್ದಿರಬಹುದು ಎಂಬ ಯೋಚನೆ ಆ ಕಟ್ಟಡದ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಬರುತ್ತದೆ. 2025ಕ್ಕೆ ಅವರು ಬಂದು ಇನ್ನೂರು ವರ್ಷ ತುಂಬಿತು. ರಾಫಲ್ಸ್ ಬಂದ ವರ್ಷಕ್ಕೆ ಸಿಕ್ಕಂಥ ವರ್ಷಪೂರ್ತಿಯ ರಾಷ್ಟ್ರೀಯ ಸ್ಮರಣೆ ಅದಕ್ಕೆ ಸಿಗಲಿಲ್ಲ.

ಬೆಂಗಳೂರಿನ ಗೆಳೆಯರು ಇದನ್ನೆಲ್ಲ ಕೇಳಿ, ನಮಗೇಕೆ ಅದರ ಗೊಡವೆ ಎನ್ನುತ್ತಾರೆ. ನಮಗೂ ಬೇಕು. ಮಾರ್ಕ್ ಕಬ್ಬನ್ 1834ರಿಂದ 1861ರವರೆಗೆ ಮೈಸೂರನ್ನು ಆಳಿದ ಕಮಿಷನರ್. ಆ ಕಮಿಷನರ್ ಆಡಳಿತ ಬಂದದ್ದು ಮಲೆನಾಡಿನ ನಗರ ಸೀಮೆಯಲ್ಲಿ ರೈತರು ಎದ್ದ ನಗರ ದಂಗೆಯ ಬೆನ್ನಿಗೆ, 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಅಧಿಕಾರ ಕಿತ್ತುಕೊಂಡ ಮೇಲೆ. ಅವನ ಪ್ರತಿಮೆಯನ್ನು 2020ರಲ್ಲಿ ಹೈಕೋರ್ಟ್ ಆವರಣದಿಂದ ಕಬ್ಬನ್ ಉದ್ಯಾನದೊಳಕ್ಕೆ ಒಯ್ಯಲಾಯಿತು. ಇರಬೇಕೋ ಬೇಡವೋ, ಎಲ್ಲಿರಬೇಕು ಎಂಬುದಷ್ಟೇ ನಮ್ಮಲ್ಲಿ ಚರ್ಚೆಯಾಯಿತು. ಅವನ ಪಕ್ಕದಲ್ಲಿ ನಗರ ದಂಗೆಯ ರೈತನೊಬ್ಬನನ್ನು ನಿಲ್ಲಿಸೋಣ ಎಂಬ ಮಾತು ನನ್ನ ಕಿವಿಗೆ ಬೀಳಲಿಲ್ಲ. ಸಿಂಗಪುರದಿಂದ ಕಲಿಯಬೇಕಾದದ್ದು ಅದನ್ನೇ.

ಸಿಂಗಪುರಕ್ಕೂ ಒಂದು ಕೋರಿಕೆ ಇದೆ. 2069ರಲ್ಲಿ ಇನ್ನೂರೈವತ್ತು ತುಂಬುತ್ತದೆ. ಅಲ್ಲಿಯವರೆಗೆ ಕಾಯದೆ, ನದಿಯ ದಡದಲ್ಲಿ ರಾಫಲ್ಸ್ ನಿಂತಿರುವಷ್ಟೇ ಎತ್ತರದ ಪೀಠದ ಮೇಲೆ, ಗಾರೆಯ ಬುಟ್ಟಿ ಹೊತ್ತ ಹೆಸರಿಲ್ಲದ ಕೈದಿಯೊಬ್ಬನನ್ನು ನಿಲ್ಲಿಸಲಿ. ವಾರದ ಮಟ್ಟಿಗಲ್ಲ, ಶಾಶ್ವತವಾಗಿ.