ಅರ್ಧ ಕೆಜಿ ಕಮ್ಮಿ ಇರೋ ರೈಫಲ್ಲು

ನಮ್ಮ ಭಾವನಿಗೆ ಗ್ರೀನ್ ಕಾರ್ಡು ಇನ್ನೂ ಬಂದಿಲ್ಲ, ಕ್ಯೂನಲ್ಲಿ ನಿಂತೂ ನಿಂತೂ ಮೀಸೆ ಬೆಳ್ಳಗಾಯ್ತು, ಆದ್ರೆ ಟೆಕ್ಸಾಸ್ ಸರ್ಕಾರದ ಹಂಟಿಂಗ್ ಲೈಸೆನ್ಸು ಮಾತ್ರ 25 ಡಾಲರ್ ಕಟ್ಟಿದ ತಕ್ಷಣ ಕೈಗೆ ಬಂತು. ಅದರ ಹಿಂದೆ ಒಂದು ಮಜಾ ಇದೆ. ಅಮೆರಿಕದ ಕಾನೂನಲ್ಲಿ ಎಚ್-1ಬಿ ಥರದ ತಾತ್ಕಾಲಿಕ ಕೆಲಸದ ವೀಸಾದಲ್ಲಿ ಇರೋರು ಬಂದೂಕು ಮುಟ್ಟೋ ಹಾಗೇ ಇಲ್ಲ, ಆದ್ರೆ ಚಾಲ್ತಿಯಲ್ಲಿರೋ ಹಂಟಿಂಗ್ ಲೈಸೆನ್ಸ್ ಒಂದು ಜೇಬಲ್ಲಿದ್ರೆ ಮುಟ್ಟಬಹುದು, ಕೊಳ್ಳಬಹುದು, ಮನೇಲಿ ಇಟ್ಕೋಬಹುದು. ಅಂದ್ರೆ ಕೆಲಸ ಹೋದ್ರೆ ಅರವತ್ತು ದಿನದಲ್ಲಿ ಗಂಟುಮೂಟೆ ಕಟ್ಟಬೇಕಾದ ಮನುಷ್ಯ ಅಲ್ಲೀತನಕ ಜಿಂಕೆ ಹೊಡೀಬಹುದು. ಈ ವಿಷಯ ಭಾವನಿಗೆ ಯಾರು ಹೇಳಿದ್ರೋ ಗೊತ್ತಿಲ್ಲ, ಹೇಳಿದವರ ಮೇಲೆ ನಮ್ಮಕ್ಕನಿಗೆ ಇವತ್ತಿಗೂ ಸಿಟ್ಟು.

ಭಾವ ಸಕಲೇಶಪುರ ಕಡೆಯವರು. ತೋಟದ ಮನೇಲಿ ಅವರಜ್ಜನ ಕಾಲದ ಹನ್ನೆರಡು ಬೋರಿನ ಜೋಡುನಳಿಗೆ ಕೋವಿ ಒಂದಿತ್ತು, ಅದು ಹಂದಿ ಓಡಿಸಿದ್ದಕ್ಕಿಂತ ಎಲೆಕ್ಷನ್ ಬಂದಾಗೆಲ್ಲ ಸ್ಟೇಷನ್ನಿಗೆ ಹೋಗಿ ಡಿಪಾಸಿಟ್ ಆಗಿ ಬಂದಿದ್ದೇ ಜಾಸ್ತಿ. ಪಕ್ಕದ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಅನ್ನೋ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನ ರಗಳೆನೇ ಇಲ್ಲ, ಆ ವಿನಾಯಿತಿ ಈಗ 2029ರ ತನಕ ಇದೆ, ಅದನ್ನ ಹೇಳುವಾಗೆಲ್ಲ ಭಾವನ ಮುಖ ನೋಡಬೇಕು, ಹೊಟ್ಟೆಕಿಚ್ಚು ಕಣ್ಣಲ್ಲಿ ಕಾಣುತ್ತೆ. ಶಿಕಾರಿಯಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಊರಲ್ಲಿ ಮುಗಿದ ಕಥೆ, ಅವರು ಕಂಡಿದ್ದು ಹಿರಿಯರ ಬಾಯಲ್ಲಿ ಮಾತ್ರ. ಅದಕ್ಕೇ ಇರಬೇಕು, ಆಸ್ಟಿನ್‌ಗೆ ಬಂದು ಮನೆ ತಗೊಂಡು ಲಾನ್ ಮೂವರ್ ತಗೊಂಡು ಎಲ್ಲಾ ಮುಗಿದ ಮೇಲೆ ಈ ಹುಚ್ಚು ಹತ್ತಿಕೊಳ್ತು.

ಮೊದಲು ಹಂಟರ್ ಎಜುಕೇಷನ್ ಅಂತ ಪರೀಕ್ಷೆ. 1971ರ ಸೆಪ್ಟೆಂಬರ್ 2 ಮತ್ತು ಅದಾದ ಮೇಲೆ ಹುಟ್ಟಿದವರೆಲ್ಲ ಬರೀಲೇಬೇಕು, ದೊಡ್ಡವರಿಗಾದ್ರೆ ಆನ್‌ಲೈನಲ್ಲೇ ಮುಗಿಯುತ್ತೆ. ಭಾವ ಆಫೀಸ್ ಮೀಟಿಂಗಲ್ಲಿ ಕ್ಯಾಮೆರಾ ಆಫ್ ಮಾಡ್ಕೊಂಡು ಅದನ್ನ ಪಾಸ್ ಮಾಡಿದ್ರು.

ಆಮೇಲೆ ಶುರುವಾಯ್ತು ನೋಡಿ, ರೈಫಲ್ ಆರಿಸೋ ಕಾರ್ಯಕ್ರಮ. ಹೆಣ್ಣು ನೋಡೋಕೆ ಬಂದಾಗಲೂ ಭಾವ ಇಷ್ಟು ಯೋಚನೆ ಮಾಡಿರಲಿಲ್ಲ, ಉಪ್ಪಿಟ್ಟು ತಿಂದು ಹೂಂ ಅಂದಿದ್ರು ಅಂತ ಅಕ್ಕನೇ ಹೇಳ್ತಾಳೆ. ಅವರ ಬೇಡಿಕೆ ಇಷ್ಟು: ಒಂದೇ ರೈಫಲ್ಲು, ಜಿಂಕೆಗೂ ಆಗಬೇಕು, ಕಯೋಟಿಗೂ ಆಗಬೇಕು, ಹಗುರ ಇರಬೇಕು, ಗುರಿ ತಪ್ಪಬಾರದು. ಈ ಕಯೋಟಿ ಅನ್ನೋದು ನಮ್ಮ ನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು, ಹತ್ತು ಹದಿನೈದು ಕೆಜಿ ತೂಗೋ ಪ್ರಾಣಿ. ಅದಕ್ಕೆ ಸಣ್ಣ, ಹಗುರದ, ಭಾರಿ ಸ್ಪೀಡಿನ ಗುಂಡು ಸಾಕು. ಜಿಂಕೆಗೆ ಸ್ವಲ್ಪ ತೂಕದ ಗುಂಡು ಬೇಕು, ಸಣ್ಣದರಲ್ಲಿ ಹೊಡೆದು ಗಾಯ ಮಾಡಿ ಕಾಡಲ್ಲಿ ನರಳೋಕೆ ಬಿಡೋದು ಮನುಷ್ಯರು ಮಾಡೋ ಕೆಲಸ ಅಲ್ಲ. ಈ ಎರಡರ ನಡುವೆ ಇರೋದೇ .243 ವಿಂಚೆಸ್ಟರ್ ಅನ್ನೋ ಅಳತೆಯ ತೋಟಾ. 1955ರಲ್ಲಿ ಬಂದಿದ್ದು, .308 ಅನ್ನೋ ದಪ್ಪ ಗುಂಡಿನ ತೋಟಾದ ಕುತ್ತಿಗೆ ಕಿರಿದು ಮಾಡಿ ಸಣ್ಣ ಗುಂಡು ಕೂರಿಸಿದ್ದಾರೆ ಅಷ್ಟೇ. ಗುಂಡಿನ ತೂಕ ಅಳೆಯೋದು ಗ್ರೇನಲ್ಲಿ, 58 ಗ್ರೇನಿನ ಗುಂಡು ಹಾಕಿದ್ರೆ ಕಯೋಟಿಗೆ, 100 ಗ್ರೇನ್ ಹಾಕಿದ್ರೆ ಜಿಂಕೆಗೆ, ಭುಜಕ್ಕೆ ಬೀಳೋ ಒದೆ .30-06 ಅನ್ನೋ ದೊಡ್ಡ ತೋಟಾದ ಅರ್ಧದಷ್ಟು. ಅಂಗಡಿಯ ಹುಡುಗ 2007ರಲ್ಲಿ ಬಂದ 6.5 ಕ್ರೀಡ್‌ಮೋರ್ ಅನ್ನೋ ಇನ್ನೊಂದು ತೋಟಾದ ಬಗ್ಗೆ ಒಂದು ಗಂಟೆ ಪುರಾಣ ಹೇಳಿದ, ಅದೂ ಒಳ್ಳೇದೇ, ಆದ್ರೆ ಭಾವ .243 ಅಂತ ಗಟ್ಟಿ ಮಾಡ್ಕೊಂಡ್ರು. ಇಲ್ಲಿಯವರೆಗೆ ಬುದ್ಧಿವಂತಿಕೆಯೇ, ನಾನು ತಪ್ಪು ಹೇಳಲ್ಲ.

ಕೆಟ್ಟಿದ್ದು ತೂಕದಲ್ಲಿ.

ಅಂಗಡಿಯಲ್ಲಿ ಫಿನ್ಲೆಂಡಿನ ಟಿಕ್ಕಾ ಟಿ-3ಎಕ್ಸ್ ಲೈಟ್ ಇತ್ತು, ಸುಮಾರು ಮೂರು ಕೆಜಿ, ಅದೇ ಸಾಕಾಗಿತ್ತು, ನೂರು ಗಜದಲ್ಲಿ ಮೂರು ಗುಂಡು ಒಂದಿಂಚಿನ ಒಳಗೆ ಕೂರುತ್ತೆ ಅಂತ ಹೆಸರು ಮಾಡಿರೋ ಮಾಲು. ಭಾವ ಅದನ್ನ ಕೈಲಿ ಹಿಡಿದು ಮೇಲೆ ಕೆಳಗೆ ಮಾಡಿ "ಇನ್ನೂ ಅರ್ಧ ಕೆಜಿ ಕಮ್ಮಿ ಇದ್ರೆ ಚೆನ್ನಾಗಿತ್ತು ಕಣೋ" ಅಂದ್ರು. ನಾನು "ಭಾವ, ನಿಮ್ಮ ಹೊಟ್ಟೇಲೇ ಇದೆಯಲ್ಲ ಆ ಅರ್ಧ ಕೆಜಿ" ಅನ್ನೋಕೆ ಹೋಗಿ ಸುಮ್ಮನಾದೆ, ಅಕ್ಕನ ಗಂಡ, ಮರ್ಯಾದೆ. ಕೊನೆಗೆ ಬೇರೊಂದು ಕಂಪನಿಯ ಎರಡೂವರೆ ಕೆಜಿಯ ರೈಫಲ್ ಸಿಕ್ತು, ನಳಿಗೆ ಎಷ್ಟು ಸಪೂರ ಅಂದ್ರೆ ಬೆರಳಲ್ಲಿ ಸುತ್ತಿ ಹಿಡೀಬಹುದು. ಬಂದೂಕು ಕೊಳ್ಳೋರು ತುಂಬೋ 4473 ಅನ್ನೋ ಫಾರ್ಮ್ ತುಂಬಿದ್ರು, ಲೈಸೆನ್ಸ್ ತೋರಿಸಿದ್ರು, ನಮ್ಮ ಮುಂದೆ ಇದ್ದ ಅಜ್ಜನಿಗೆ ಐದು ನಿಮಿಷದಲ್ಲಿ ಬ್ಯಾಕ್‌ಗ್ರೌಂಡ್ ಚೆಕ್ ಮುಗೀತು, ಭಾವನ ಹೆಸರು ಹಾಕಿದ ತಕ್ಷಣ ಕಂಪ್ಯೂಟರಲ್ಲಿ "ಡಿಲೇಡ್" ಅಂತ ಬಂತು. ಮೂರು ವರ್ಕಿಂಗ್ ಡೇ ಆದ್ಮೇಲೆ ಬನ್ನಿ ಅಂದ್ರು. ಇಮಿಗ್ರೇಷನ್ನಿನ ದೆಸೆಯಿಂದ ಭಾವನಿಗೆ ಕಾಯೋದು ರಕ್ತದಲ್ಲೇ ಬಂದುಬಿಟ್ಟಿದೆ, ಆರಾಮಾಗಿ ಬಂದು ಕಾಫಿ ಕುಡಿದ್ರು.

ರೈಫಲ್ ಮನೆಗೆ ಬಂದ ದಿನ ಇಂಡಿಯಾಕ್ಕೆ ಹೋಗುವಾಗ ಸೂಟ್‌ಕೇಸ್ ತೂಗೋ ತಕ್ಕಡಿ ಹೊರಗೆ ಬಂತು. ಅದೇ, ಕೊಕ್ಕೆಗೆ ಸಿಕ್ಕಿಸಿ ಎತ್ತೋದು, 23 ಕೆಜಿ ದಾಟಿದ್ರೆ ಹಪ್ಪಳ ತೆಗೀಬೇಕು ಅಂತ ಹೇಳೋದು. ಬರೀ ರೈಫಲ್ 2.5. ಭಾವನ ಮುಖದಲ್ಲಿ ಏನು ಕಳೆ! ಗುರಿ ನೋಡೋ ದುರ್ಬೀನು, ಅಂದ್ರೆ ಸ್ಕೋಪ್ ಕೂರಿಸಿದ್ರು, ಅದರ ರಿಂಗು ಬೇಸು ಎಲ್ಲಾ ಸೇರಿ 3.0. ಮುಂದೆ ಎರಡು ಕಾಲಿನ ಬೈಪಾಡ್ ಹಾಕಿದ್ರು, 3.4. ಬೆಲ್ಟು, ತೋಟಾ ಇಡೋ ಚೀಲ, ಕೆನ್ನೆಗೆ ಆಸರೆಗೆ ಅಂತ ಒಂದು ದಿಂಬು, 3.7. ಅಕ್ಕ ಅಡುಗೆಮನೆಯಿಂದಲೇ "ರೀ, ಈಗ ಹಪ್ಪಳ ತೆಗೀತೀರೋ ಉಪ್ಪಿನಕಾಯಿ ತೆಗೀತೀರೋ" ಅಂದ್ಲು.

ಹಗುರದ ರೈಫಲ್ಲಿನ ಗುಟ್ಟು ಏನಪ್ಪಾ ಅಂದ್ರೆ, ತೂಕ ಕಮ್ಮಿ ಆದಷ್ಟೂ ಹಿಂದಕ್ಕೆ ಒದೆಯೋದು ಜಾಸ್ತಿ, ಇದು ಪಿಯುಸಿ ಫಿಸಿಕ್ಸ್, ಭಾವ ಬಿ.ಇ. ಮಾಡಿದವರು. ಸಪೂರ ನಳಿಗೆ ಬೇರೆ, ಮೂರು ನಾಲ್ಕು ಗುಂಡಿಗೇ ಕಾದುಬಿಡುತ್ತೆ, ಕಾದ ಮೇಲೆ ಗುಂಡು ಒಂದೊಂದು ಒಂದೊಂದು ಕಡೆ ಹೋಗುತ್ತೆ, ಆರೋತನಕ ಕೈಕಟ್ಟಿ ಕೂರಬೇಕು. ಭಾರದ ನಳಿಗೆಯಾದ್ರೆ ಈ ತಾಪತ್ರಯ ಕಮ್ಮಿ. ಇದನ್ನೆಲ್ಲ ಶೂಟಿಂಗ್ ರೇಂಜಲ್ಲಿ ಪಕ್ಕದ ಬೆಂಚಿನವನು ಹೇಳ್ತಾ ಇದ್ದ, ಭಾವ ಕಿವಿಗೆ ಇಯರ್ ಮಫ್ ಹಾಕ್ಕೊಂಡು ತಲೆ ಆಡಿಸ್ತಾ ಇದ್ರು, ಒಂದಕ್ಷರನೂ ಕೇಳಿಸಿರಲಿಲ್ಲ. ಸ್ಕೋಪನ್ನ ಯೂಟ್ಯೂಬ್ ನೋಡಿ ತಾವೇ ಕೂರಿಸಿದ್ದು, ಒಂದಿಂಚು ಜಾಸ್ತಿ ಹಿಂದಕ್ಕೆ ಬಂದಿತ್ತು. ಕಣ್ಣಿಗೂ ಸ್ಕೋಪಿಗೂ ಮೂರೂವರೆ ಇಂಚು ಜಾಗ ಬಿಡಬೇಕು, ಭಾವ ಮೂಗು ತಾಗಿಸ್ಕೊಂಡು ಕೂತಿದ್ರು. ಢಂ ಅಂತು. ಗುಂಡು ಎಲ್ಲಿ ಹೋಯ್ತು ಅಂತ ನಾನು ದುರ್ಬೀನಲ್ಲಿ ನೋಡ್ತಾ ಇದ್ದೆ, ಪರವಾಗಿಲ್ಲ, ನಡುವಿಗೆ ಹತ್ತಿರಾನೇ ಬಿದ್ದಿತ್ತು, "ಭಾವ ಸೂಪರ್" ಅಂತ ತಿರುಗಿದ್ರೆ ಬಲಗಡೆ ಹುಬ್ಬಿನ ಮೇಲೆ ಅರ್ಧಚಂದ್ರ, ಕಂಪಾಸಲ್ಲಿ ಬರೆದಷ್ಟು ನೀಟಾಗಿ, ರಕ್ತ ಮೂಗಿನ ತನಕ ಇಳೀತಾ ಇದೆ. ಪಕ್ಕದವನು ಏನೂ ಮಾತಾಡದೆ ತನ್ನ ಬ್ಯಾಗಿನಿಂದ ಬ್ಯಾಂಡೇಜ್ ತೆಗೆದು ಕೊಟ್ಟ. ಇಟ್ಕೊಂಡೇ ಬಂದಿರ್ತಾರೆ ಅನ್ಸುತ್ತೆ.

ಆ ವಾರವೇ ಕನ್ನಡ ಸಂಘದ ರಾಜ್ಯೋತ್ಸವ. ಟೆಕ್ಸಾಸಲ್ಲಿ ಜಿಂಕೆ ಸೀಸನ್ ಶುರುವಾಗೋದು ನವೆಂಬರ್ ಮೊದಲನೇ ಶನಿವಾರ, ನಮ್ಮವರ ರಾಜ್ಯೋತ್ಸವಗಳೂ ನವೆಂಬರಿನ ಶನಿವಾರಗಳಲ್ಲೇ, ಇದು ಭಾವನ ಬಾಳಿನ ದೊಡ್ಡ ಧರ್ಮಸಂಕಟ. ಹುಬ್ಬಿನ ಮೇಲೆ ಕೆಂಪು ಅರ್ಧಚಂದ್ರ ಇಟ್ಕೊಂಡು ಬಿಸಿಬೇಳೆಬಾತ್ ಕ್ಯೂನಲ್ಲಿ ನಿಂತಿದ್ದಾಗ ಒಬ್ಬರು ಆಂಟಿ ಭಕ್ತಿಯಿಂದ "ಯಾವ ದೇವಸ್ಥಾನದ್ದು ಇದು, ಕುಂಕುಮ ಈ ಥರ ಇಡ್ತಾರಾ" ಅಂತ ಕೇಳಿದ್ರು. ಭಾವ ಕೈ ಮುಗಿದು ಮುಂದಕ್ಕೆ ಹೋದ್ರು.

ಇನ್ನು ಜಾಗದ ವಿಷಯ. ಟೆಕ್ಸಾಸಲ್ಲಿ ನೂರಕ್ಕೆ 95ಕ್ಕಿಂತ ಜಾಸ್ತಿ ಜಮೀನು ಖಾಸಗಿಯವರದ್ದು, ಕಾಡು ಅಂತ ಕಂಡಲ್ಲಿ ನುಗ್ಗೋಕಾಗಲ್ಲ, ಜಿಂಕೆಗೆ ಲೀಸ್ ಅಂತ ದುಡ್ಡು ಕೊಡಬೇಕು. ಆದ್ರೆ ಕಯೋಟಿ ಹೊಡೀತೀನಿ ಅಂದ್ರೆ ಆಡು ಸಾಕೋರು ಬಾಗಿಲು ತೆಗೀತಾರೆ, ಮರಿಗಳನ್ನ ಎತ್ತಿಕೊಂಡು ಹೋಗೋ ಪ್ರಾಣಿ ಅದು, ಸೀಸನ್ ಗೀಸನ್ ಏನೂ ಇಲ್ಲ. ಹಾಗೆ ಕೆರ್‌ವಿಲ್ ಕಡೆ ಹಿಲ್ ಕಂಟ್ರಿಯಲ್ಲಿ ಒಬ್ಬ ಮುದುಕಪ್ಪನ ರ‍್ಯಾಂಚ್ ಸಿಕ್ತು. ಭಾವ ಕಯೋಟಿ ಕರೆಯೋ ಮಷೀನ್ ಬೇರೆ ತಗೊಂಡ್ರು, ಪ್ರಾಣ ಹೋಗ್ತಾ ಇರೋ ಮೊಲದ ಕೂಗು ಬರುತ್ತೆ ಅದರಲ್ಲಿ, ಗ್ಯಾರೇಜಲ್ಲಿ ಟೆಸ್ಟ್ ಮಾಡಿದ್ರೆ ಬೀದಿಯ ನಾಯಿಗಳೆಲ್ಲ ಊಳಿಟ್ಟು ಪಕ್ಕದ ಮನೆಯವರು ಏನಾದ್ರೂ ಸಹಾಯ ಬೇಕಾ ಅಂತ ಬಂದು ನಿಂತಿದ್ರು.

ಆ ರ‍್ಯಾಂಚಲ್ಲಿ ನನಗೆ ನಿಜವಾಗ್ಲೂ ಬೆರಗಾಗಿದ್ದು ಜಿಂಕೆ ನೋಡಿ. ನಮ್ಮದೇ ಚುಕ್ಕಿ ಜಿಂಕೆ! ಬಂಡೀಪುರದ ರಸ್ತೆ ಬದಿ ನಿಂತಿರುತ್ತಲ್ಲ, ಅದೇ ಜಾತಿ, ಅದೇ ಬಿಳಿ ಚುಕ್ಕಿ, ಇಲ್ಲಿ ಆಕ್ಸಿಸ್ ಡಿಯರ್ ಅಂತಾರೆ. 1932ರಲ್ಲಿ ತಂದು ಬಿಟ್ಟಿದ್ದಂತೆ, ಈಗ ಅವು ಹಿಂಡುಹಿಂಡಾಗಿ ಹಿಲ್ ಕಂಟ್ರಿ ತುಂಬಾ ಮೇಯ್ತಾ ಇವೆ. ಹೊರಗಿನ ಪ್ರಾಣಿ ಆದ್ದರಿಂದ ವರ್ಷಪೂರ್ತಿ ಹೊಡೀಬಹುದು, ಲೆಕ್ಕದ ಮಿತಿ ಇಲ್ಲ, ಊರಲ್ಲಿ ಮುಟ್ಟಿದ್ರೆ ಜೈಲು. ಭಾವ ಸ್ವಲ್ಪ ಹೊತ್ತು ಸುಮ್ಮನೆ ನೋಡಿ "ಇವಕ್ಕೆ ಯಾರು ಕಣೋ ಸ್ಪಾನ್ಸರ್ ಮಾಡಿದ್ದು" ಅಂದ್ರು.

ಹಗುರದ ರೈಫಲ್ ಹೊತ್ತುಕೊಂಡು ಭಾವ ಬೆಟ್ಟ ಹತ್ತೋಕೆ ರೆಡಿಯಾಗಿದ್ರೆ, ಮುದುಕಪ್ಪ ಪಿಕಪ್ಪಲ್ಲಿ ಕೂರಿಸಿಕೊಂಡು ಹೋಗಿ ಒಂದು ಮರದ ಗೂಡಿನ ಬಾಗಿಲಲ್ಲೇ ಇಳಿಸಿಬಿಟ್ಟ. ಟೆಕ್ಸಾಸಿನ ಶಿಕಾರಿ ಇದೇ ಸ್ವಾಮಿ. ನಮ್ಮ ಮಲೆನಾಡಿನಲ್ಲಿ ಶಿಕಾರಿಗೆ ಅಡಗಿ ಕೂರೋ ಮರಸು ಇದ್ದ ಹಾಗೇ, ಆದ್ರೆ ಒಳಗೆ ತಿರುಗೋ ಕುರ್ಚಿ, ಹೀಟರ್, ಕಾರ್ಪೆಟ್. ನೂರು ಗಜ ದೂರದಲ್ಲಿ ಮೂರು ಕಾಲಿನ ಮೇಲೆ ಜೋಳದ ಡ್ರಮ್ಮು, ಅದಕ್ಕೆ ಟೈಮರು, ಬೆಳಿಗ್ಗೆ ಸಂಜೆ ಜೋಳ ಎರಚುತ್ತೆ, ಮಠದ ಊಟದ ಗಂಟೆ ಹೊಡೆದ ಹಾಗೆ ಜಿಂಕೆಗಳು ಟೈಮಿಗೆ ಸರಿಯಾಗಿ ಬಂದು ಸಾಲಾಗಿ ನಿಲ್ತವೆ. ಜೋಳದ ಮೂಟೆಗಳನ್ನ ಪೆಟ್ರೋಲ್ ಬಂಕಲ್ಲೇ ಮಾರ್ತಾರೆ. ಹೇಳಿ ಈಗ, ಅರ್ಧ ಕೆಜಿ ಉಳಿಸಿ ಏನು ಮಾಡ್ಬೇಕು ಇಲ್ಲಿ? ಕಿಟಕಿ ಮೇಲೆ ಇಟ್ಟು ಹೊಡೆಯೋಕೆ ಹತ್ತು ಕೆಜಿ ಇದ್ರೂ ನಡೆಯುತ್ತೆ, ಇನ್ನೂ ಅಲ್ಲಾಡದೆ ನಿಲ್ಲುತ್ತೆ. ಗುರಿಯ ಲೆಕ್ಕವೂ ಅಷ್ಟೇ, ಜಿಂಕೆಯ ಎದೆಗೂಡಿನಲ್ಲಿ ತಾಗಬೇಕಾದ ಜಾಗ ಎಂಟಿಂಚು ಅಗಲ, ಎರಡಿಂಚಿಗೆ ಹೊಡೆಯೋ ಹಳೇ ರೈಫಲ್ಲೂ ಧಾರಾಳ. ಒಂದಿಂಚಿನ ಹಠ ಅರ್ಥ ಆಗೋದು ಕಯೋಟಿಗೆ, ಅದೂ ದೂರದಲ್ಲಿ. ಮುದುಕಪ್ಪನ ಪಿಕಪ್ಪಲ್ಲಿ ಬಣ್ಣ ಹೋದ .30-06 ಒಂದಿತ್ತು, ಎತ್ತಿ ನೋಡಿದೆ, ಭುಜ ಜಗ್ಗಿತು, ಆತ ಆರಾಮಾಗಿದ್ದ.

ನಾವು ಹೊರಡೋ ಹಿಂದಿನ ದಿನ ಅಕ್ಕ ಭಾವನ ಜಾಕೆಟ್ ಒಗೆಯೋಕೆ ಹಾಕಿದ್ಲು. ಬಲಜೇಬಲ್ಲಿ ಜಿಂಕೆಯ ತೋಟಾ, ಎಡಜೇಬಲ್ಲಿ ಕಯೋಟಿಯ ತೋಟಾ ಅಂತ ಭಾವನ ಸಿಸ್ಟಮ್ಮು, ಅವಳು ಎರಡನ್ನೂ ತೆಗೆದು ಜೋಪಾನವಾಗಿ ಒಂದೇ ಕಾಫಿಪುಡಿ ಡಬ್ಬಿಗೆ ಹಾಕಿಟ್ಟಿದ್ಲು. ಹಿತ್ತಾಳೆ ಎರಡಕ್ಕೂ ಒಂದೇ, ತುದಿ ಮಾತ್ರ ಬೇರೆ, 58ರದ್ದು ಕೆಂಪು ಪ್ಲಾಸ್ಟಿಕ್ಕು, 100ರದ್ದು ಬೂದು ಸೀಸ. ಬೆಳಗಿನ ಆರು ಗಂಟೆ ಕತ್ತಲೆಯಲ್ಲಿ ಯಾರು ನೋಡ್ತಾರೆ. ಸ್ಕೋಪ್ ಹೊಂದಿಸಿದ್ದು 100ಕ್ಕೆ, ಒಳಗೆ ಹೋಗಿದ್ದು 58, ಗುಂಡು ಬದಲಾದ್ರೆ ಬೀಳೋ ಜಾಗವೂ ಬದಲಾಗುತ್ತೆ, ಎರಡು ಮೂರಿಂಚು ಮೇಲಕ್ಕೆ, ಅದರ ಮೇಲೆ ಹುಬ್ಬಿನ ನೆನಪಲ್ಲಿ ಭಾವ ಕಣ್ಣು ಬೇರೆ ಮುಚ್ಚಿದ್ರು. ಹಿಂಡಿನಿಂದ ಸ್ವಲ್ಪ ದೂರ ನಿಂತಿದ್ದ ಚುಕ್ಕಿ ಜಿಂಕೆಯ ಬೆನ್ನ ಮೇಲೆ ಹಾದು ಗುಂಡು ಡ್ರಮ್ಮಿನ ಕಾಲಿಗೆ ಸಿಕ್ಕಿಸಿದ್ದ ಟೈಮರ್ ಡಬ್ಬಿಗೆ ಹೊಡೀತು. ಪ್ಲಾಸ್ಟಿಕ್ ಚೂರು ಆಕಾಶಕ್ಕೆ. ಹಿಂಡು ಮಂಗಮಾಯ.

ಮುದುಕಪ್ಪ ಬಂದು ಡಬ್ಬಿ ನೋಡಿದ, ಭಾವನ್ನ ನೋಡಿದ, "ಹೊಡೆದಿದ್ದು ಮಾತ್ರ ಸರಿಯಾಗಿ ನಡುವಿಗೇ" ಅಂತ ಹೇಳಿ ಟೈಮರಿನ ದುಡ್ಡು ಇಸ್ಕೊಂಡ. ಸಂಜೆ ಜಿಂಕೆಗಳು ಟೈಮಿಗೆ ಸರಿಯಾಗಿ ವಾಪಸ್ ಬಂದು ಡ್ರಮ್ಮಿನ ಕೆಳಗೆ ನಿಂತು ಮೇಲೆ ನೋಡ್ತಾ ಇದ್ವು, ಕಯೋಟಿ ಒಂದೂ ಬರಲಿಲ್ಲ.

ಈಗ ಭಾವ ಹೊಸ ರಾಗ ತೆಗೆದಿದ್ದಾರೆ. ಕೊಲೊರಾಡೊಗೆ ಎಲ್ಕ್ ಅನ್ನೋ ದೊಡ್ಡ ಜಾತಿಯ ಜಿಂಕೆ ಶಿಕಾರಿಗೆ ಹೋಗ್ತಾರಂತೆ, ಅಲ್ಲಿ ಒಂಬತ್ತು ಹತ್ತು ಸಾವಿರ ಅಡಿ ಎತ್ತರದಲ್ಲಿ ಕಾಲಲ್ಲೇ ಹತ್ತಬೇಕು, ಅಲ್ಲಿಗೆ ಹಗುರದ ರೈಫಲ್ಲೇ ಬೇಕು, ಈ ಮಾತು ನೂರಕ್ಕೆ ನೂರು ನಿಜ. ಆದ್ರೆ ಎಲ್ಕಿಗೆ .243 ಸಣ್ಣದಾಯ್ತು, ಅದಕ್ಕೆ ಇನ್ನೊಂದು ತಗೋಬೇಕಂತೆ. ಅಕ್ಕ ಬೇಡ ಅನ್ನಲಿಲ್ಲ. ಸೋನಾಮಸೂರಿಯ ಇಪ್ಪತ್ತು ಪೌಂಡಿನ ಚೀಲ ತಂದು ಬೆನ್ನ ಮೇಲಿಟ್ಟು, ದಿನಾ ಬೆಳಿಗ್ಗೆ ಮೆಟ್ಟಿಲು ಹತ್ತಿ ಇಳೀರಿ, ಒಂದು ತಿಂಗಳು ಮಾಡಿದ್ರೆ ನಾನೇ ಕ್ರೆಡಿಟ್ ಕಾರ್ಡ್ ಕೊಡ್ತೀನಿ ಅಂದ್ಲು. ಆ ಭಾನುವಾರ ಹೋದಾಗ ಭಾವ ಅರ್ಧ ಮೆಟ್ಟಿಲಲ್ಲಿ ಅಕ್ಕಿ ಚೀಲ ಪಕ್ಕಕ್ಕಿಟ್ಟು ಕೂತ್ಕೊಂಡು, ಫೋನಲ್ಲಿ ಹಗುರದ ಬ್ಯಾಕ್‌ಪ್ಯಾಕ್ ಯಾವುದು ಅಂತ ಹುಡುಕ್ತಾ ಇದ್ರು.