ಇಂಜಿನ್‌ಗೆ ಬೇರೆ, ಹಳಿಗೆ ಬೇರೆ

ರೈಲು ಓಡಿಸೋ ಗೇಮ್ ಅಗ್ಗಕ್ಕೆ ಸಿಕ್ಕಿತು ಅಂತ ಕುಣಿದಾಡಿದ್ದೆ. ತೆರೆದು ನೋಡಿದರೆ ಮೂರೇ ಮಾರ್ಗ! ಉಳಿದದ್ದಕ್ಕೆಲ್ಲ ಬೇರೆ ದುಡ್ಡು. ಇಂಜಿನ್‌ಗೂ ಬೇರೆ. ಇಡ್ಲಿ ಕೊಟ್ಟು ಚಟ್ನಿಗೆ ಇನ್ನೊಂದು ಬಿಲ್ ಹಾಕಿದ ಹಾಗೆ.

ನನಗೆ ಬೇಕಿದ್ದದ್ದು ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿ. ಸುಮಾರು 55 ಕಿ.ಮೀ., 57 ಸುರಂಗ, 50 ಮೀಟರ್ ಹೋದರೆ 1 ಮೀಟರ್ ಇಳಿಜಾರು. ಬ್ರೇಕ್ ಹಿಡಿಯೋ ಕೈಗೆ ಇದಕ್ಕಿಂತ ಪರೀಕ್ಷೆ ಬೇಕಾ? ನಾನು ಕೊಂಡ ಗೇಮಿನಲ್ಲಿ ಅದೇ ಇಲ್ಲ. ಯಾರೋ ಅಭಿಮಾನಿ ಸುಮ್ನೆ ಪ್ರೀತಿಗೆ ಮಾಡಿದ್ದನ್ನು ಹುಡುಕಿ ಹಾಕಿಕೊಂಡೆ. ಆಲ್ಕೋ ಅನ್ನೋ ಹಳೇ ಡೀಸೆಲ್ ಇಂಜಿನ್ನಿನ ಕಪ್ಪು ಹೊಗೆ, ಆಹಾ! ಹಾರ್ನ್ ಮಾತ್ರ ಅಮೆರಿಕದ್ದು. ಹೋಗಲಿ ಬಿಡಿ ಅಂದುಕೊಂಡರೆ, ನಲವತ್ತನೇ ಸುರಂಗದ ಹತ್ತಿರ ಗೇಮ್ ಗಪ್‌ಚುಪ್. ಸೇವ್ ಮಾಡಿರಲಿಲ್ಲ.

“ನಿಜವಾದ ರೈಲೇ ಬೇಗ ತಲುಪುತ್ತಲ್ಲೋ” ಅಂತ ಅಮ್ಮ ಬೇರೆ.

ಈಗ ಮತ್ತೆ ಸಕಲೇಶಪುರದಿಂದ.