ನೀಲಿ ಬಾಟಲಿಗೆ ಕೈ ಹಾಕುವ ಮುನ್ನ

ಕಳೆದ ಭಾನುವಾರ ಮೀನಿನ ಆಹಾರ ತರಲೆಂದು ರಾಯಚೂರಿನ ಅಕ್ವೇರಿಯಂ ಅಂಗಡಿಯೊಂದಕ್ಕೆ ಹೋಗಿದ್ದೆ. ನನಗಿಂತ ಮೊದಲೇ ಬಂದಿದ್ದ ಕಾಲೇಜು ಹುಡುಗನೊಬ್ಬ ಮೊಬೈಲಿನಲ್ಲಿ ತನ್ನ ಗೋಲ್ಡ್‌ಫಿಶ್‌ನ ಚಿತ್ರ ತೋರಿಸುತ್ತಾ, "ಅಣ್ಣಾರ, ನಿನ್ನೆಯಿಂದ ಒಂದು ಮೂಲ್ಯಾಗ ಸುಮ್ನ ನಿಂತದ, ಏನೂ ತಿನ್ನವಲ್ದು" ಎನ್ನುತ್ತಿದ್ದ. ಅಂಗಡಿಯವರು ಚಿತ್ರವನ್ನು ಅರೆಕ್ಷಣ ನೋಡಿ, ಹಿಂದಿನ ಕಪಾಟಿನಿಂದ ನೀಲಿ ದ್ರವದ ಬಾಟಲಿಯೊಂದನ್ನು ತೆಗೆದು ಅವನ ಮುಂದಿಟ್ಟರು. ತೊಟ್ಟಿ ಎಷ್ಟು ಲೀಟರಿನದು, ಇಟ್ಟು ಎಷ್ಟು ದಿನವಾಯಿತು, ನೀರು ನಲ್ಲಿಯದೋ ಬೋರಿನದೋ, ಕೊನೆಯ ಸಲ ಬದಲಿಸಿದ್ದು ಯಾವಾಗ ಎಂಬ ಒಂದು ಪ್ರಶ್ನೆಯೂ ಬರಲಿಲ್ಲ. ಅವರ ಮೇಲೆ ನನಗೆ ಸಿಟ್ಟೇನೂ ಇಲ್ಲ. ಪ್ರಶ್ನೆ ಕೇಳಿದರೆ ಹತ್ತು ಪೈಸೆ ಹುಟ್ಟುವುದಿಲ್ಲ, ಬಾಟಲಿ ಮಾರಿದರೆ ಹುಟ್ಟುತ್ತದೆ. ಆರು ವರ್ಷಗಳ ಹಿಂದೆ ಆ ಹುಡುಗನ ಜಾಗದಲ್ಲಿ ನಾನೇ ನಿಂತು, ಅದೇ ಬಾಟಲಿಯನ್ನು ಅದೇ ನಂಬಿಕೆಯಿಂದ ಮನೆಗೆ ಒಯ್ದಿದ್ದೆ.

ನಾನು ಗಂಜ್‌ನ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು. ಬರೆದಿಡುವ ಚಟ ಮೀನುಗಳ ವಿಷಯದಲ್ಲೂ ಬಿಟ್ಟಿಲ್ಲವಾದ್ದರಿಂದ, ನನ್ನ ಐವತ್ತು ಲೀಟರಿನ ತೊಟ್ಟಿಯಲ್ಲಿ ಈವರೆಗೆ ಸತ್ತ 23 ಮೀನುಗಳ ಹೆಸರಿನಲ್ಲಿ ಒಂದು ನೋಟ್‌ಬುಕ್ ಇದೆ. ಅದನ್ನು ಈಗ ತಿರುವಿ ನೋಡಿದರೆ, ನಿಜವಾದ ರೋಗದಿಂದ ಸತ್ತವು ಐದನ್ನು ದಾಟುವುದಿಲ್ಲ. ಉಳಿದವನ್ನು ಕೊಂದದ್ದು ನೀರು, ಇಲ್ಲವೇ ನೀರಿನ ತೊಂದರೆಯನ್ನು ರೋಗವೆಂದು ತಿಳಿದು ನಾನು ಮಾಡಿದ ಉಪಚಾರ. ನಮ್ಮ ಈ ಭಾಗದಲ್ಲಿ, ಈ ಬಿಸಿಲು ಮತ್ತು ಈ ಗಡಸು ನೀರಿನ ನಡುವೆ, ಮೀನು ಮಂಕಾದ ಕೂಡಲೇ ಔಷಧಿ ಹಾಕುವುದು ತಪ್ಪು ಎಂಬ ತೀರ್ಮಾನಕ್ಕೆ ನಾನು ಬಂದಿರುವುದು ಆ ಪುಸ್ತಕದಿಂದಲೇ.

ಎರಡನೆಯ ವರ್ಷದ ಏಪ್ರಿಲ್‌ನ ಒಂದು ಮಧ್ಯಾಹ್ನವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಬೆಳಿಗ್ಗೆ ಹನ್ನೊಂದಕ್ಕೆ ಹೋದ ಕರೆಂಟು ಮೂರಾದರೂ ಬಂದಿರಲಿಲ್ಲ. ಊಟಕ್ಕೆ ಮನೆಗೆ ಬಂದಾಗ ನಾಲ್ಕೂ ಗೋಲ್ಡ್‌ಫಿಶ್‌ಗಳು ನೀರಿನ ಮೇಲ್ಮೈಗೆ ಬಾಯಿ ಹಚ್ಚಿ ಗಾಳಿ ಗುಟುಕರಿಸುತ್ತಿದ್ದವು. ಏನಾದರೂ ಮಾಡಬೇಕೆಂಬ ಗಾಬರಿಯಲ್ಲಿ ನಾನು ಎಲ್ಲವನ್ನೂ ಮಾಡಿದೆ: ಮೀನುಗಳನ್ನು ಬಕೆಟ್ಟಿಗೆ ತೆಗೆದು ತೊಟ್ಟಿಯನ್ನು ಪೂರ್ತಿ ಬರಿದು ಮಾಡಿ, ಹರಳುಗಳನ್ನು ಬ್ರಷ್ಷಿನಿಂದ ತಿಕ್ಕಿ, ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಕಂದು ಬಣ್ಣ ಹೋಗುವವರೆಗೂ ಹಿಂಡಿ ಹಿಂಡಿ ತೊಳೆದು, ಮಾಳಿಗೆಯ ಮೇಲಿನ ಕಪ್ಪು ಟ್ಯಾಂಕಿನ ನೀರನ್ನು ನೇರವಾಗಿ ತುಂಬಿಸಿ, ಮೇಲಿಂದ ನೀಲಿ ಔಷಧಿಯ ಇಪ್ಪತ್ತು ಹನಿ ಬಿಟ್ಟು, ದೊಡ್ಡ ಕೆಲಸ ಮಾಡಿದವನಂತೆ ಊಟಕ್ಕೆ ಕುಳಿತೆ. ರಾತ್ರಿಯ ಹೊತ್ತಿಗೆ ಎರಡು ಹೋದವು, ಮರುದಿನ ಇನ್ನೊಂದು. ಉಳಿದದ್ದು ಬಾಲದ ತುದಿ ಹರಿದ ಒಂದು ಮೀನು.

ಆ ವಾರ ಸಿಂಧನೂರು ಕಡೆಯ ಕ್ಯಾಂಪೊಂದರಲ್ಲಿ ಹೊಂಡ ತೋಡಿ ಕಟ್ಲಾ, ರೋಹು ಸಾಕುವ ನನ್ನ ಸೋದರಮಾವ ಮನೆಗೆ ಬಂದಿದ್ದರು. ಅವರು ಮೀನಿನ ಕಡೆ ತಿರುಗಿಯೂ ನೋಡಲಿಲ್ಲ. ನೇರವಾಗಿ ಬಚ್ಚಲಿಗೆ ಹೋಗಿ, ಮಾಳಿಗೆಯ ಟ್ಯಾಂಕಿನ ನಲ್ಲಿ ತಿರುಗಿಸಿ, ಕೆಳಗೆ ಕೈ ಹಿಡಿದು, ಥಟ್ಟನೆ ಎಳೆದುಕೊಂಡರು. "ಅಳಿಯಾ, ಇದರಾಗ ನೀನು ಹತ್ತು ನಿಮಿಷ ಕೈ ಇಟ್ಕೊಂಡು ಕುಂದ್ರು ನೋಡೋಣ. ಆಮ್ಯಾಲೆ ಮೀನಿಗೆ ಏನು ರೋಗ ಅಂತ ಕೇಳು" ಎಂದರು. ಅವರ ಹೊಂಡದಲ್ಲಿ ನಸುಕಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದರೆ ಅವರು ಔಷಧಿಯ ಡಬ್ಬಿ ಹುಡುಕುವುದಿಲ್ಲ, ಪಂಪ್ ಚಾಲೂ ಮಾಡಿ ನೀರನ್ನು ಎತ್ತಿ ಎತ್ತಿ ಹೊಡೆಸುತ್ತಾರೆ. ರಾತ್ರಿಯಿಡೀ ಪಾಚಿಯೂ ಮೀನಿನೊಂದಿಗೆ ಆಮ್ಲಜನಕ ಕುಡಿದು ಮುಗಿಸಿರುತ್ತದೆ ಎಂಬುದು ಅವರಿಗೆ ಯಾರೂ ಹೇಳಿಕೊಡದೆ ಗೊತ್ತಿದೆ.

ನನ್ನ ತೊಟ್ಟಿಯಲ್ಲಿ ಆಗಿದ್ದೂ ಅದೇ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯುವ ನೀರು 35 ಡಿಗ್ರಿಯಲ್ಲಿ 7 ಮಿಲಿಗ್ರಾಂನಷ್ಟನ್ನೇ ಹಿಡಿಯುತ್ತದೆ, ಆದರೆ ಬಿಸಿಯೇರಿದಂತೆ ಮೀನಿನ ಉಸಿರಾಟದ ಬೇಡಿಕೆ ಹೆಚ್ಚುತ್ತಾ ಹೋಗುತ್ತದೆ. ಗೋಲ್ಡ್‌ಫಿಶ್ ಮೂಲತಃ ತಂಪು ನೀರಿನ ಜೀವಿ. 20 ಡಿಗ್ರಿಯ ಆಸುಪಾಸು ಅದಕ್ಕೆ ಹಿತ. ಅದನ್ನು ತಂದು ರಾಯಚೂರಿನ ಬೇಸಿಗೆಯಲ್ಲಿ, ನಾಲ್ಕನ್ನು ಒಟ್ಟಿಗೆ, ಐವತ್ತು ಲೀಟರಿನಲ್ಲಿ ಇಟ್ಟದ್ದೇ ಮೊದಲ ತಪ್ಪು. ಆ ಮಧ್ಯಾಹ್ನ ಅವುಗಳಿಗೆ ಬೇಕಾಗಿದ್ದದ್ದು ಒಂದು ಚೊಂಬು ಮಾತ್ರ. ತೊಟ್ಟಿಯ ನೀರನ್ನೇ ಮೊಗೆದು ಒಂದು ಗೇಣು ಎತ್ತರದಿಂದ ಅರ್ಧ ಗಂಟೆ ಸುರಿಯುತ್ತಿದ್ದರೆ ನಾಲ್ಕೂ ಬದುಕುತ್ತಿದ್ದವು ಎಂದು ಈಗ ಅನ್ನಿಸುತ್ತದೆ.

ಸ್ಪಂಜನ್ನು ಹಿಂಡಿ ತೊಳೆದದ್ದು ಅದಕ್ಕಿಂತ ದೊಡ್ಡ ಅನಾಹುತ. ಮೀನಿನ ಕಿವಿರಿನಿಂದ, ಹಿಕ್ಕೆಯಿಂದ, ತಿನ್ನದೆ ಉಳಿದ ಆಹಾರದಿಂದ ನೀರಿಗೆ ಅಮೋನಿಯಾ ಸೇರುತ್ತಲೇ ಇರುತ್ತದೆ. ಅದನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯದು ಆ ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಇವು ವಾಸಿಸುವುದು ಮುಖ್ಯವಾಗಿ ಆ ಕೊಳಕು ಕಂದು ಸ್ಪಂಜಿನಲ್ಲಿ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ನೆಲೆ ನಿಲ್ಲಲು ನಾಲ್ಕರಿಂದ ಆರು ವಾರ ಬೇಕು. ತೊಟ್ಟಿ ತಂದ ಮೂರನೆಯ ವಾರ ಮೀನುಗಳು ಸಾಯುವುದೂ, "ಅಂಗಡಿಯವನು ರೋಗದ ಮೀನು ಕೊಟ್ಟ" ಎಂಬ ಮಾತು ಹುಟ್ಟುವುದೂ ಬಹಳ ಸಲ ಈ ಕಾರಣಕ್ಕೇ. ನಾನು ಹದಿನಾಲ್ಕು ತಿಂಗಳು ಬೆಳೆದಿದ್ದನ್ನು ಕ್ಲೋರಿನ್ ಇದ್ದ ನಲ್ಲಿ ನೀರಿನಲ್ಲಿ ಐದು ನಿಮಿಷಕ್ಕೆ ತೊಳೆದು ಹಾಕಿದೆ. ಅಳಿದುಳಿದದ್ದಕ್ಕೆ ನೀಲಿ ಔಷಧಿ, ಅಂದರೆ ಮಿಥಿಲೀನ್ ಬ್ಲೂ, ಹಾನಿ ಮಾಡಿತು. ಈಗ ಸ್ಪಂಜನ್ನು ತೊಟ್ಟಿಯಿಂದಲೇ ಮೊಗೆದ ನೀರಿನಲ್ಲಿ ಎರಡು ಸಲ ಅದ್ದಿ ಹಿಂಡುತ್ತೇನೆ, ಅಷ್ಟೇ. ಅದು ಕಂದಾಗಿಯೇ ಇರಬೇಕು.

ಇಲ್ಲಿ ನಮ್ಮ ಊರಿನ ನೀರಿನ ವಿಷಯ ಬರುತ್ತದೆ. ಬೇರೆ ಊರಿನವರು ಮಾಡಿದ ವಿಡಿಯೋಗಳಲ್ಲಿ ಅಮೋನಿಯಾ ಸ್ವಲ್ಪ ಇದ್ದರೆ ಗಾಬರಿ ಬೇಡ ಎನ್ನುತ್ತಾರೆ. ಆದರೆ ಪರೀಕ್ಷಾ ಕಿಟ್ ತೋರಿಸುವುದು ಒಟ್ಟು ಅಮೋನಿಯಾವನ್ನು, ಮತ್ತು ಅದರಲ್ಲಿ ವಿಷದ ರೂಪದಲ್ಲಿರುವ ಪಾಲು ಎಷ್ಟೆಂಬುದನ್ನು ನಿರ್ಧರಿಸುವುದು ನೀರಿನ ಪಿಎಚ್, ಅಂದರೆ ನೀರು ಎಷ್ಟು ಆಮ್ಲೀಯ ಇಲ್ಲವೇ ಕ್ಷಾರೀಯ ಎಂಬ ಅಳತೆ, ಮತ್ತು ಉಷ್ಣಾಂಶ. ಪಿಎಚ್ 7, ಉಷ್ಣಾಂಶ 25 ಡಿಗ್ರಿ ಇದ್ದಾಗ ಆ ಪಾಲು ನೂರಕ್ಕೆ ಸುಮಾರು 0.6 ಮಾತ್ರ. ನನ್ನ ಮನೆಯ ಬೋರಿನ ನೀರಿನ ಪಿಎಚ್ 8.4, ಬೇಸಿಗೆಯಲ್ಲಿ ತೊಟ್ಟಿ 32 ಡಿಗ್ರಿಗೆ ಏರಿದಾಗ ಅದೇ ಪಾಲು ನೂರಕ್ಕೆ ಸುಮಾರು 19 ಆಗುತ್ತದೆ. ಅಲ್ಲಿ ಮೀನು ತಡೆದುಕೊಳ್ಳುವ ಅದೇ ಅಂಕಿ ಇಲ್ಲಿ ಮೂವತ್ತು ಪಟ್ಟಿಗೂ ಮಿಗಿಲಾದ ವಿಷ.

ಹಾಗಾದರೆ ಶುದ್ಧ ನೀರಿನ ಘಟಕದ ಕ್ಯಾನ್ ನೀರನ್ನೇ ಹಾಕಿದರಾಯಿತಲ್ಲ ಎಂದು ಹಲವರು ಕೇಳಿದ್ದಾರೆ. ನಮ್ಮ ಜಿಲ್ಲೆಯ ಎಷ್ಟೋ ಊರುಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಇರುವುದರಿಂದ ಆರ್‌ಒ ನೀರು ಎಂದರೆ ಒಳ್ಳೆಯದು ಎಂಬ ಭಾವನೆ ಸಹಜವೇ. ಆದರೆ ಅದರಲ್ಲಿ ಖನಿಜಗಳು ಬಹುಪಾಲು ಹೋಗಿರುತ್ತವೆ, ಪಿಎಚ್ ಸ್ಥಿರವಾಗಿ ನಿಲ್ಲುವುದಿಲ್ಲ, ಗಡಸು ನೀರಿಗೆ ಒಗ್ಗಿದ ಮೀನನ್ನು ಒಮ್ಮೆಲೇ ಅದಕ್ಕೆ ಹಾಕಿದರೆ ಅದರ ದೇಹದ ಲವಣ ಸಮತೋಲನವೇ ತಪ್ಪುತ್ತದೆ. ನಾನು ಅದನ್ನು ಬಳಸುವುದು ಒಂದೇ ಕೆಲಸಕ್ಕೆ. ಬೇಸಿಗೆಯಲ್ಲಿ ಆವಿಯಾಗುವುದು ನೀರು ಮಾತ್ರ, ಉಪ್ಪಿನಂಶ ತೊಟ್ಟಿಯಲ್ಲೇ ಉಳಿದು ದಪ್ಪವಾಗುತ್ತದೆ. ಆ ಇಳಿದ ಎರಡು ಬೆರಳಿನಷ್ಟನ್ನು ತುಂಬಲು ಆರ್‌ಒ ನೀರು ಸರಿಯಾದದ್ದು. ವಾರಕ್ಕೊಮ್ಮೆ ಕಾಲು ಭಾಗ ಬದಲಿಸುವಾಗ ಹಿಂದಿನ ರಾತ್ರಿಯೇ ಬಕೆಟ್ಟಿನಲ್ಲಿ ಹಿಡಿದು, ಗಾಳಿ ಗುಳ್ಳೆ ಬಿಟ್ಟು, ಕ್ಲೋರಿನ್ ಹೋಗಲು ಒಂದು ದಿನ ಇಟ್ಟ ನೀರನ್ನೇ ಹಾಕುತ್ತೇನೆ. ಬ್ಲೀಚಿಂಗ್ ವಾಸನೆ ಜೋರಾಗಿರುವ ದಿನ ಸೋಡಿಯಂ ಥಯೋಸಲ್ಫೇಟ್ ಇರುವ ಕ್ಲೋರಿನ್ ನಿವಾರಕದ ಹನಿಗಳನ್ನೂ ಸೇರಿಸುತ್ತೇನೆ. ಕೋಣೆಯ ಟೇಬಲ್ ಫ್ಯಾನನ್ನು ತೊಟ್ಟಿಯ ಮೇಲ್ಮೈಗೆ ಓರೆಯಾಗಿ ತಿರುಗಿಸಿದರೆ ನಮ್ಮ ಒಣ ಗಾಳಿಯಲ್ಲಿ ಎರಡು ಮೂರು ಡಿಗ್ರಿ ಇಳಿಯುವುದನ್ನು ಥರ್ಮಾಮೀಟರಿನಲ್ಲಿ ನೋಡಿದ್ದೇನೆ. ಹರವಿಯ ನೀರು ತಣ್ಣಗಾಗುವ ಉಪಾಯವೇ ಅದು.

ನಿಜವಾದ ರೋಗಗಳು ಇಲ್ಲವೆಂದಲ್ಲ. ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆಗಳು ಬಂದು, ಮೀನು ಹರಳಿಗೆ ಮೈ ಉಜ್ಜತೊಡಗಿದರೆ ಅದು ಇಚ್ ಎಂಬ ಏಕಕೋಶ ಪರೋಪಜೀವಿಯ ಕೆಲಸ. ನನ್ನ ಪುಸ್ತಕದಲ್ಲಿ ಅದು ಎರಡು ಸಲವೂ ಬಂದದ್ದು ಡಿಸೆಂಬರ್‌ನಲ್ಲಿ, ರಾತ್ರಿ ತಂಪೇರಿದ ದಿನಗಳಲ್ಲಿ. 30 ಡಿಗ್ರಿ ದಾಟಿದ ನೀರಿನಲ್ಲಿ ಅದರ ಸಂತತಿ ಬೆಳೆಯುವುದು ಕಷ್ಟ. ರಾಯಚೂರಿನಲ್ಲಿ ಹೀಟರ್ ಕೊಂಡವನು ನಾನೊಬ್ಬನೇ ಇರಬೇಕೆಂದು ಗೆಳೆಯರು ನಗುತ್ತಾರೆ, ಆದರೆ ವರ್ಷದ ಹದಿನೈದು ದಿನ ಅದಕ್ಕೆ ಕೆಲಸವಿದೆ. ಈ ರೋಗದಲ್ಲಿ ಎಲ್ಲರೂ ಎಡವುವ ಜಾಗ ಒಂದೇ: ಕಣ್ಣಿಗೆ ಕಾಣುವ ಚುಕ್ಕೆ ಚರ್ಮದ ಒಳಗಿರುವುದರಿಂದ ಔಷಧಿ ಅದನ್ನು ಮುಟ್ಟುವುದಿಲ್ಲ. ಅದು ಬಲಿತು, ಕಳಚಿ, ತಳಕ್ಕೆ ಬಿದ್ದು, ಒಡೆದು ನೂರಾರು ಮರಿಗಳಾಗಿ ಈಜತೊಡಗಿದಾಗ ಮಾತ್ರ ಔಷಧಿಗೆ ಸಿಗುತ್ತದೆ. ಚುಕ್ಕೆ ಮಾಯವಾಯಿತೆಂದು ನಾಲ್ಕನೆಯ ದಿನ ಔಷಧಿ ನಿಲ್ಲಿಸಿದವರ ತೊಟ್ಟಿಯಲ್ಲಿ ಎಂಟನೆಯ ದಿನ ದುಪ್ಪಟ್ಟು ಚುಕ್ಕೆಗಳು ಕಾಣುವುದು ಇದಕ್ಕೇ. ಎರಡು ವಾರ ಬಿಡದೆ ನಡೆಸಬೇಕು. ಅಂದ ಹಾಗೆ, ಒಮ್ಮೆ ಕಿವಿರಿನ ಮುಚ್ಚಳದ ಮೇಲೆ ಸಾಲಾಗಿ ಬಿಳಿ ಚುಕ್ಕೆ ಎದ್ದ ಆರೋಗ್ಯವಂತ ಗೋಲ್ಡ್‌ಫಿಶ್‌ಗೆ ಒಂದು ವಾರ ಔಷಧಿ ಹಾಕಿದ್ದೆ. ಅದು ರೋಗವಲ್ಲ, ಗಂಡು ಮೀನು ಪ್ರಾಯಕ್ಕೆ ಬಂದ ಗುರುತು ಎಂದು ಆಮೇಲೆ ತಿಳಿಯಿತು. ಆ ಪುಟವನ್ನು ಹರಿದು ಹಾಕಲು ಮನಸ್ಸಾಗಿಲ್ಲ.

ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ಬಿಚ್ಚಿ ನೀರಿಗೆ ಸುರಿಯುವ ಸಲಹೆಯೂ ಇಲ್ಲಿ ಧಾರಾಳವಾಗಿ ಸಿಗುತ್ತದೆ. ಆ ಮಾತ್ರೆಯನ್ನು ಹಾಲಿನ ಜೊತೆ ನುಂಗಬೇಡಿ ಎಂದು ವೈದ್ಯರು ಹೇಳುವುದು ಹಾಲಿನ ಕ್ಯಾಲ್ಸಿಯಂ ಅದನ್ನು ಕಟ್ಟಿಹಾಕುತ್ತದೆ ಎಂಬ ಕಾರಣಕ್ಕೆ. ನಮ್ಮ ಬೋರ್ ನೀರಿನಲ್ಲಿ ತುಂಬಿರುವುದೂ ಕ್ಯಾಲ್ಸಿಯಂ ಮತ್ತು ಮೆಗ್ನೀಶಿಯಂ. ಔಷಧಿ ನೀರಿನಲ್ಲೇ ಕಟ್ಟುಬಿದ್ದು ಮೀನಿಗೆ ಅತ್ಯಲ್ಪವೇ ತಲುಪುತ್ತದೆ.

ಔಷಧಿಯ ಬದಲು ನನ್ನ ಬಳಿ ಇರುವುದು ಬೆರಕೆಯಿಲ್ಲದ ಹರಳುಪ್ಪು. ಲೀಟರಿಗೆ ಒಂದರಿಂದ ಎರಡು ಗ್ರಾಂ, ಬೇರೆ ನೀರಿನಲ್ಲಿ ಕರಗಿಸಿ, ಒಂದು ದಿನದಲ್ಲಿ ಮೂರು ಕಂತಾಗಿ ಹಾಕುತ್ತೇನೆ. ನೈಟ್ರೈಟ್ ಹೆಚ್ಚಾಗಿ ಕಿವಿರು ಕಂದು ಬಣ್ಣಕ್ಕೆ ತಿರುಗಿದಾಗ ಉಪ್ಪಿನ ಕ್ಲೋರೈಡ್ ಅದು ರಕ್ತಕ್ಕೆ ಸೇರುವುದನ್ನು ತಡೆಯುತ್ತದೆ. ಹುರುಪೆಗಳು ನಿಮಿರಿ ಹೊಟ್ಟೆ ಊದಿಕೊಂಡ ಮೀನಿಗೆ ಮಾತ್ರ ನಾನು ಏನನ್ನೂ ಮಾಡಲಾರೆ; ಆ ಹೊತ್ತಿಗೆ ಬಹುಮಟ್ಟಿಗೆ ಅದರ ಮೂತ್ರಪಿಂಡ ಸೋತಿರುತ್ತದೆ. ಮತ್ತೊಂದು ಮಾತು: ಎಲ್ಲ ಮೀನುಗಳೂ ಒಮ್ಮೆಲೇ, ಒಂದೇ ರಾತ್ರಿಯಲ್ಲಿ ವಿಲವಿಲ ಒದ್ದಾಡಿದರೆ ಅದು ರೋಗವಲ್ಲ. ಆ ಸಂಜೆ ಕೋಣೆಯಲ್ಲಿ ಜಿರಲೆ ಸ್ಪ್ರೇ ಹೊಡೆದಿರಾ ಎಂದು ಕೇಳಿಕೊಳ್ಳಿ. ಅದರಲ್ಲಿರುವ ಪೈರೆಥ್ರಾಯ್ಡ್ ಮೀನಿಗೆ ಘೋರ ವಿಷ, ಮತ್ತು ಏರ್ ಪಂಪ್ ಕೋಣೆಯ ಗಾಳಿಯನ್ನೇ ನೀರಿಗೆ ತುಂಬುತ್ತದೆ.

ಆ ದಿನ ಅಂಗಡಿಯ ಹೊರಗೆ ಬೈಕ್ ಹತ್ತುತ್ತಿದ್ದ ಹುಡುಗನನ್ನು ನಿಲ್ಲಿಸಿ, ನೀರು ಯಾವಾಗ ಬದಲಿಸಿದಿ ಎಂದು ಕೇಳಿದೆ. "ಮೊನ್ನೆ ಪೂರ್ತಿ ಬದಲು ಮಾಡೀನ್ರಿ ಸರ್, ಫಿಲ್ಟರ್ ಸೈತ ಸೋಪು ಹಚ್ಚಿ ತೊಳದೀನಿ" ಎಂದ, ಹೆಮ್ಮೆಯಿಂದಲೇ. ನಾಲ್ಕು ದಿನ ಆಹಾರ ಬೇಡ, ದಿನಾ ಸಂಜೆ ಹಿಂದಿನ ದಿನ ಹಿಡಿದಿಟ್ಟ ನೀರಿನಿಂದ ಕಾಲು ಭಾಗ ಬದಲಿಸು, ಗಾಳಿ ಗುಳ್ಳೆ ಹಗಲಿರುಳು ಇರಲಿ, ಬಾಟಲಿಯ ಮುಚ್ಚಳ ತೆಗೆಯಬೇಡ ಎಂದೆ. ಅವನು ಸ್ವಲ್ಪ ಯೋಚಿಸಿ, "ಹಂಗಂದ್ರ ಇದನ್ನ ವಾಪಸ್ ತಗೊಂತಾರೇನ್ರಿ?" ಎಂದು ಕೇಳಿದ. ಒಳಗೆ ಹೋಗಿ ಕೇಳಿದೆವು. ದುಡ್ಡು ವಾಪಸ್ ಕೊಡಲಿಲ್ಲ, ಮೇಲೆ ನೂರೈವತ್ತು ರೂಪಾಯಿ ಹಾಕಿಸಿಕೊಂಡು, ಬಾಟಲಿಯ ಬದಲಿಗೆ ಪುಟ್ಟ ಏರ್ ಪಂಪೊಂದನ್ನು ಕೊಟ್ಟರು.